200 ಮೈಲಿ ಆಚೆಯ ಕಡಲಿಗೆ ಹೊಸ ಒಪ್ಪಂದ: ನಮ್ಮ ಬೋಟಿಗೆ ತೊಂದರೆ ಇದೆಯಾ?

ಪ್ರಶ್ನೆ ಕೇಳಿದವರು: ಮಲ್ಪೆ ದಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಪೆ. ಅಪ್ಪನ ಹೆಸರಿನಲ್ಲಿ ಒಂದು ಆಳಸಮುದ್ರದ ಟ್ರಾಲ್ ಬೋಟ್ ಇದೆ. ನಾನು ಬಿ.ಕಾಂ. ಮುಗಿಸಿ ಅದರ ಲೆಕ್ಕ ನೋಡಿಕೊಳ್ಳುತ್ತೇನೆ. ಡೀಸೆಲ್, ಐಸ್, ರೇಷನ್, ಕಲಾಸಿಗಳ ಪಾಲು, ಬಲೆ ರಿಪೇರಿ ಎಲ್ಲ ನನ್ನ ತಲೆ ಮೇಲೆ.

ಮೊನ್ನೆ ಬೋಟಿನವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡಿತು. ಜನವರಿ 17ರಿಂದ ವಿಶ್ವಸಂಸ್ಥೆಯ ಹೊಸ ಕಾನೂನು ಜಾರಿಯಾಗಿದೆಯಂತೆ. ಪ್ರಪಂಚದ ಸಮುದ್ರದಲ್ಲಿ 30 ಪರ್ಸೆಂಟ್ ಬಂದ್ ಮಾಡುತ್ತಾರಂತೆ. ಅಲ್ಲಿ ಬಲೆ ಹಾಕಿದರೆ ಬೋಟ್ ಜಪ್ತಿಯಂತೆ. ಅಪ್ಪನಿಗೆ ಅದನ್ನು ಓದಿ ಹೇಳಿದ ಮೇಲೆ ಅವರಿಗೆ ಸಮಾಧಾನವೇ ಇಲ್ಲ. ಮಳೆಗಾಲದಲ್ಲಿ ಹೇಗೂ 61 ದಿನ ಬೋಟ್ ಕಟ್ಟಿ ಇಡುತ್ತೇವೆ. ಉಳಿದ ದಿನಗಳಲ್ಲೂ ಡೀಸೆಲ್ ಖರ್ಚು ಹುಟ್ಟದ ಟ್ರಿಪ್ ಇರುತ್ತವೆ. ಇನ್ನು ಇದೊಂದು ಬೇರೆಯಾ ಎಂದು ಕೇಳುತ್ತಾರೆ.

ನಮ್ಮ ಬೋಟ್ ಗೋವಾ, ರತ್ನಗಿರಿ ಕಡೆಗೂ ಹೋಗುತ್ತದೆ. ಒಮ್ಮೊಮ್ಮೆ 80, 100 ಮಾರು ಆಳದ ನೀರಿನವರೆಗೂ ಹೋಗುತ್ತಾರೆ. ಹಾಗಾಗಿ ಕೇಳುತ್ತಿದ್ದೇನೆ. ಈ ಕಾನೂನು ನಮಗೆ ತಾಗುತ್ತದಾ? ಸಮುದ್ರದ ಮಧ್ಯದಲ್ಲಿ ಜಾಗ ಬಂದ್ ಮಾಡುವ ಅಧಿಕಾರ ಯಾರಿಗಿದೆ? ಇಪ್ಪತ್ತು ವರ್ಷ ಮಾತುಕತೆ ನಡೆಯಿತು ಎಂದು ಪೇಪರಿನಲ್ಲಿ ಓದಿದೆ. ಅಷ್ಟು ವರ್ಷ ಏನು ಮಾತಾಡಿದರು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಎಂಜಿನ್ ರೂಮ್

ನಾನು ಕುಮಟಾದವನು. ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್. ಕಾನೂನು ನನಗೆ ಗೊತ್ತಿಲ್ಲ. ಆದರೆ ನೀವು ಕೇಳಿದ ಆ ಜಾಗವನ್ನು ದಾಟುವುದೇ ನನ್ನ ಕೆಲಸ.

ಈಗ ನಾನಿರುವ ಹಡಗಿನ ಬಾವುಟ ಲೈಬೀರಿಯಾದ್ದು. ಮಾಲೀಕರು ಗ್ರೀಸಿನವರು. ಕ್ಯಾಪ್ಟನ್ ಉಕ್ರೇನಿನವರು, ಕೆಳಗಿನವರು ನಾವು ಮತ್ತು ಫಿಲಿಪ್ಪೀನ್ಸಿನವರು. ನಡುಗಡಲಿನಲ್ಲಿ ನಮಗೆ ಅನ್ವಯಿಸುವುದು ಆ ಬಾವುಟದ ದೇಶದ ಕಾನೂನು. ಮೀನಿನ ಹಡಗುಗಳದ್ದೂ ಇದೇ ಕಥೆ.

ಒಮಾನ್ ಕಡೆಗೆ ಹೋಗುವಾಗ ರಾತ್ರಿ ಡ್ಯೂಟಿ ಮುಗಿಸಿ ಡೆಕ್ಕಿಗೆ ಬಂದರೆ, ಕೆಲವು ಸೀಸನ್ನಿನಲ್ಲಿ ದೂರದ ಅಂಚಿನಲ್ಲಿ ಆಕಾಶ ಬೆಳ್ಳಗೆ ಕಾಣುತ್ತದೆ. ಹೊಸಬರು ಯಾವುದೋ ಪೇಟೆ ಎಂದುಕೊಳ್ಳುತ್ತಾರೆ. ಹತ್ತಿರ ಹೋದಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಎಲ್ಲವೂ ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯುವ ಹಡಗುಗಳು. ಎರಡೂ ಪಕ್ಕಕ್ಕೆ ಸಾಲು ಸಾಲಾಗಿ ದೊಡ್ಡ ಬಲ್ಬು ತೂಗುಹಾಕಿರುತ್ತಾರೆ. ಬೆಳಕಿಗೆ ಬೊಂಡಾಸ್ ಮೇಲೆ ಬರುತ್ತದೆ. ಮೇಲೆ ಹಡಗು ನಡೆಸುವ ಬ್ರಿಜ್ಜಿನವರು ಹೇಳುವ ಪ್ರಕಾರ ಕಣ್ಣಿಗೆ ಕಾಣುವಷ್ಟು ಹಡಗು, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಪರದೆಯ ಮೇಲೆ ಕಾಣುವುದಿಲ್ಲ. ಆ ಬೊಂಡಾಸ್ ಹಡಗಿನವರನ್ನು ಕೇಳುವವರು ಯಾರೂ ಇಲ್ಲ. ಮಲ್ಪೆ ಬೋಟ್ ಜಪ್ತಿ ಮಾಡಲು ಅಲ್ಲಿಗೆ ಯಾರೂ ಬರುವುದಿಲ್ಲ, ಹೆದರಬೇಡಿ. ಹೆದರಬೇಕಾದದ್ದು ಆ ಬೆಳಕು ನೋಡಿ.

ಉತ್ತರ: ಶರಾವತಿ ಅಳಿವೆ

ಮಲ್ಪೆಯ ತಮ್ಮನಿಗೆ, ಮೊದಲು ಅಪ್ಪನವರಿಗೆ ಧೈರ್ಯ ಹೇಳಿ. ಇಂಗ್ಲಿಷಿನಲ್ಲಿ ಹೈ ಸೀಸ್ ಟ್ರೀಟಿ ಎನ್ನುವ ಈ ನಡುಗಡಲಿನ ಒಪ್ಪಂದದಿಂದ ನಿಮ್ಮ ಬೋಟಿಗೆ ಏನೂ ಆಗುವುದಿಲ್ಲ. ಆ ವಾಟ್ಸಾಪ್ ಮೆಸೇಜ್ ಮುಂದಕ್ಕೆ ಕಳಿಸಬೇಡಿ.

ನನ್ನ ಊರು ಹೊನ್ನಾವರ. ಈಗ ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಒಂದು ಪರಿಸರ ಸಂಘಟನೆಯ ಪರವಾಗಿ ವೀಕ್ಷಕಳಾಗಿ ಈ ಮಾತುಕತೆಯ ಕೊನೆಯ ಸುತ್ತುಗಳಿಗೆ ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆಯುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ದೇಶದ ಸ್ವಂತ ಕಡಲು. ಅಲ್ಲಿಯ ಮೀನುಗಾರಿಕೆ ರಾಜ್ಯ ಸರ್ಕಾರದ ಕೈಯಲ್ಲಿದೆ. ಅಲ್ಲಿಂದ 200 ಮೈಲಿವರೆಗೆ, ಅಂದರೆ 370 ಕಿಲೋಮೀಟರ್‌ವರೆಗೆ, ಮೀನು ಮತ್ತು ಖನಿಜದ ಹಕ್ಕು ಭಾರತದ್ದು. ನಮ್ಮ ಕಡೆ ಇನ್ನೊಂದು ವಿಷಯ ಇದೆ. ಲಕ್ಷದ್ವೀಪದ ದ್ವೀಪಗಳಿಗೂ ಅವುಗಳದ್ದೇ 200 ಮೈಲಿ ಸಿಗುತ್ತದೆ. ಹಾಗಾಗಿ ಮಲ್ಪೆಯಿಂದ ನೇರ ಪಶ್ಚಿಮಕ್ಕೆ ಹೋದರೆ ನಮ್ಮ ಗಡಿ ಮುಗಿಯಲು 300 ಮೈಲಿ ಆಸುಪಾಸು ಹೋಗಬೇಕು. ಬೋಟ್ ನಡೆಸುವ ನಿಮ್ಮ ತಂಡೇಲರು ಅಷ್ಟು ದೂರ ಹೋಗುವುದಿಲ್ಲ, ಅಲ್ವಾ? ಹೊಸ ಒಪ್ಪಂದ ಶುರುವಾಗುವುದೇ ಆ ಗಡಿಯ ಆಚೆ. ರತ್ನಗಿರಿ ಕಡೆಗೆ ಹೋದಾಗ ನಿಮಗೆ ಬರುವ ತಕರಾರು ಬೇರೆ ರಾಜ್ಯದ ನಿಯಮದ್ದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆ 30 ಪರ್ಸೆಂಟ್ ಲೆಕ್ಕವೂ ಈ ಒಪ್ಪಂದದ್ದಲ್ಲ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಜೀವವೈವಿಧ್ಯದ ಸಭೆ ನಡೆಯಿತು. 2030ರ ಒಳಗೆ ನೆಲದಲ್ಲೂ ಕಡಲಲ್ಲೂ ತಲಾ 30 ಪರ್ಸೆಂಟ್ ಕಾಪಾಡಬೇಕು ಎಂದು ಅಲ್ಲಿ ಗುರಿ ಇಟ್ಟುಕೊಂಡರು. ಪ್ರಪಂಚದ ಕಡಲಿನಲ್ಲಿ ಮೂರರಲ್ಲಿ ಎರಡು ಭಾಗ ಯಾವ ದೇಶದ್ದೂ ಅಲ್ಲ. ಅಲ್ಲಿ ಸಂರಕ್ಷಿತ ಜಾಗ ಘೋಷಿಸಲು ಎಲ್ಲರಿಗೂ ಅನ್ವಯಿಸುವ ವ್ಯವಸ್ಥೆಯೇ ಇರಲಿಲ್ಲ. ಮೀನಿಗೊಂದು ಸಂಸ್ಥೆ, ಹಡಗಿಗೊಂದು, ಗಣಿಗೊಂದು. ನಮ್ಮ ಸಾಗರದ ಟ್ಯೂನಾ ಆಯೋಗ ಸೀಶೆಲ್ಸ್‌ನಲ್ಲಿದೆ. ಹಡಗು ಸಂಚಾರದ ಸಂಸ್ಥೆ ಲಂಡನ್ನಿನಲ್ಲಿದೆ. ಕಡಲತಳದ ಗಣಿ ಪ್ರಾಧಿಕಾರ ಜಮೈಕಾದ ಕಿಂಗ್‌ಸ್ಟನ್‌ನಲ್ಲಿದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾತ್ರ ನೋಡುತ್ತಾರೆ. ಒಂದು ಜಾಗದ ಹವಳ, ತಿಮಿಂಗಿಲ, ಆಮೆ, ಮೀನು ಎಲ್ಲವನ್ನೂ ಒಟ್ಟಿಗೆ ನೋಡಿ ಇದನ್ನು ಉಳಿಸೋಣ ಎನ್ನುವವರು ಯಾರೂ ಇರಲಿಲ್ಲ.

ಇನ್ನು ಇಪ್ಪತ್ತು ವರ್ಷದ ಮಾತಿಗೆ ಬರುತ್ತೇನೆ. 2004ರಲ್ಲಿ ವಿಶ್ವಸಂಸ್ಥೆ ಇದಕ್ಕೊಂದು ಅನೌಪಚಾರಿಕ ಗುಂಪು ಮಾಡಿತು. ಕಾನೂನು ಬೇಕಾ ಬೇಡವಾ ಎಂದು ಮಾತಾಡಿಕೊಂಡೇ ಹತ್ತು ವರ್ಷ ಕಳೆಯಿತು. ಬೇಕು ಎಂದು ತೀರ್ಮಾನ ಆದದ್ದು 2015ರಲ್ಲಿ. ನಿಜವಾದ ಚೌಕಾಸಿ ಶುರುವಾದದ್ದು 2018ರ ಸೆಪ್ಟೆಂಬರಿನಲ್ಲಿ. ಮಧ್ಯೆ ಕೋವಿಡ್ ಬಂದು ಎರಡು ವರ್ಷ ಹೋಯಿತು. 2022ರ ಆಗಸ್ಟಿನಲ್ಲಿ ಇನ್ನೇನು ಮುಗಿಯಿತು ಎನ್ನುವಾಗ ಮುರಿಯಿತು. ಕೊನೆಗೆ 2023ರ ಮಾರ್ಚ್ 4ರ ಶನಿವಾರ ರಾತ್ರಿ ಒಪ್ಪಿಗೆಯಾಯಿತು.

ಜಗಳ ಎರಡು ಕಡೆ ಜಾಸ್ತಿ ಇತ್ತು. ಒಂದು ದುಡ್ಡಿನದ್ದು, ಒಂದು ಓಟಿನದ್ದು.

ದುಡ್ಡಿನ ಜಗಳ ಮೀನಿನ ಮೇಲಲ್ಲ, ಜೀನಿನ ಮೇಲೆ. ಕಡಲಾಳದ ಬಿಸಿನೀರಿನ ಬುಗ್ಗೆಗಳ ಹತ್ತಿರ ಇರುವ ಸೂಕ್ಷ್ಮಜೀವಿಗಳು, ಸ್ಪಂಜುಗಳು ಇವುಗಳಿಂದ ಔಷಧಿ, ಕಿಣ್ವ, ಸೌಂದರ್ಯವರ್ಧಕ ಮಾಡಬಹುದು. ಅಲ್ಲಿಗೆ ಹೋಗಿ ಮಾದರಿ ತರುವ ಹಡಗು, ಯಂತ್ರ ಇರುವುದು ಕೆಲವೇ ಶ್ರೀಮಂತ ದೇಶಗಳ ಹತ್ತಿರ. 2018ರ ಒಂದು ಅಧ್ಯಯನದ ಪ್ರಕಾರ ಪೇಟೆಂಟ್‌ಗಳಲ್ಲಿ ಸೇರಿರುವ ಕಡಲ ಜೀವಿಗಳ ಜೀನ್‌ಗಳಲ್ಲಿ 47 ಪರ್ಸೆಂಟ್ ಒಂದೇ ಜರ್ಮನ್ ಕಂಪನಿಯ ಹೆಸರಿನಲ್ಲಿದ್ದವು. ಬಡ ದೇಶಗಳು ಕೇಳಿದ್ದು ಇಷ್ಟು: ಯಾರದ್ದೂ ಅಲ್ಲದ ಜಾಗದಿಂದ ತಂದ ಜೀವಿಯ ಲಾಭ ಒಬ್ಬರಿಗೇ ಏಕೆ ಹೋಗಬೇಕು?

ಈ ವಾದ ಹೊಸದಲ್ಲ. 1967ರಲ್ಲೇ ಮಾಲ್ಟಾದ ರಾಯಭಾರಿ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು ಕಡಲತಳ ಇಡೀ ಮನುಷ್ಯಕುಲದ ಸೊತ್ತಾಗಬೇಕು ಎಂದಿದ್ದರು. 1982ರ ಕಡಲ ಕಾನೂನಿನಲ್ಲಿ ಆ ಮಾತು ತಳದ ಖನಿಜಕ್ಕೆ ಮಾತ್ರ ಸಿಕ್ಕಿತು. ನೀರಿನಲ್ಲಿರುವ ಜೀವಕ್ಕೆ ಸಿಗಲಿಲ್ಲ. ಭಾರತವೂ ಸೇರಿದಂತೆ ಅಭಿವೃದ್ಧಿಶೀಲ ದೇಶಗಳ ಗುಂಪು ಅದನ್ನು ಜೀವಿಗಳಿಗೂ ತರಬೇಕು ಎಂದು ಹಟ ಹಿಡಿಯಿತು. ಕಡಲು ಎಲ್ಲರಿಗೂ ಮುಕ್ತ, ಹೋದವರು ತರಲಿ ಎಂದು ಶ್ರೀಮಂತ ದೇಶಗಳು ಕೂತವು. ಕೊನೆಯ ಪಠ್ಯದಲ್ಲಿ ಎರಡೂ ತತ್ವ ಅಕ್ಕಪಕ್ಕ ಇವೆ. ದುಡ್ಡಿನ ಮಟ್ಟಿಗೆ ಒಂದು ಗಟ್ಟಿ ಮಾತು ಬಂತು. ಶ್ರೀಮಂತ ದೇಶಗಳು ಒಪ್ಪಂದದ ಖರ್ಚಿಗೆ ಕೊಡುವ ಪಾಲಿನ ಮೇಲೆ ಇನ್ನೂ ಅರ್ಧದಷ್ಟನ್ನು ಪ್ರತಿ ವರ್ಷ ಒಂದು ವಿಶೇಷ ನಿಧಿಗೆ ಹಾಕಬೇಕು. ಲಾಭ ಬರುವವರೆಗೆ ಕಾಯಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ ಇದು ಸಣ್ಣ ಗೆಲುವಲ್ಲ.

ಸಭೆ ಹೇಗಿರುತ್ತದೆ ಎಂದು ಒಂದು ಮಾತು. ಎದುರಿಗೆ ದೊಡ್ಡ ಪರದೆ. ಅದರ ಮೇಲೆ ಕರಡು. ಯಾರಿಗಾದರೂ ಒಪ್ಪಿಗೆ ಇಲ್ಲದ ಪದಕ್ಕೆ ಚೌಕ ಕಂಸ ಹಾಕುತ್ತಾರೆ. ಕೆಲವು ಪುಟಗಳಲ್ಲಿ ಪದಕ್ಕಿಂತ ಕಂಸವೇ ಜಾಸ್ತಿ. ಒಂದು ಕಂಸ ತೆಗೆಯಲು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತದ್ದನ್ನು ನೋಡಿದ್ದೇನೆ. ಕೊನೆಯ ದಿನಗಳಲ್ಲಿ ಮಾತುಕತೆ ಸಣ್ಣ ಸಣ್ಣ ಕೋಣೆಗಳಿಗೆ ಹೋಯಿತು. ನಮ್ಮಂಥವರಿಗೆ ಒಳಗೆ ಪ್ರವೇಶ ಇಲ್ಲ. ದೊಡ್ಡ ದೇಶಗಳು ಪ್ರತಿ ಕೋಣೆಗೂ ಒಬ್ಬೊಬ್ಬ ವಕೀಲರನ್ನು ಕಳಿಸುತ್ತಿದ್ದವು. ಪುಟ್ಟ ದ್ವೀಪ ದೇಶದ ಒಬ್ಬ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಅವರ ನಿಯೋಗದಲ್ಲಿ ಇದ್ದದ್ದೇ ಅವರೊಬ್ಬರು. ಅದಕ್ಕೂ ಮೊದಲು ಆಗಸ್ಟಿನಲ್ಲಿ ಮಾತು ಮುರಿಯುವಾಗ ಪೆಸಿಫಿಕ್ ದ್ವೀಪಗಳವರು ಹೇಳಿದ್ದು ಇದನ್ನೇ. ಇಲ್ಲಿಗೆ ಬರಲು ಸುರಿದ ದುಡ್ಡಿನಲ್ಲಿ ನಮ್ಮಲ್ಲಿ ರಸ್ತೆ, ಶಾಲೆ, ಔಷಧಿ ಆಗುತ್ತಿತ್ತು, ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ ಎಂದರು.

ಮಾರ್ಚಿನಲ್ಲಿ ಶುಕ್ರವಾರಕ್ಕೆ ಮುಗಿಯಬೇಕಿದ್ದ ಸಭೆ ರಾತ್ರಿಯೆಲ್ಲ ನಡೆದು ಶನಿವಾರ ರಾತ್ರಿಗೆ ಹೋಯಿತು. ಕಾರಿಡಾರಿನ ಸೋಫಾಗಳ ಮೇಲೆ ಕೋಟು ಹೊದ್ದು ಮಲಗಿದ್ದರು. ಅಧ್ಯಕ್ಷೆ ಸಿಂಗಪುರದ ರೆನಾ ಲೀ ಒಳಗೆ ಬಂದು "ಹಡಗು ದಡ ಮುಟ್ಟಿದೆ" ಎಂದಾಗ ಇಡೀ ಸಭಾಂಗಣ ಎದ್ದು ನಿಂತಿತು. ಅವರ ಕಣ್ಣಲ್ಲೂ ನೀರಿತ್ತು.

ಈಗ ಓಟಿನ ಜಗಳ. ನನ್ನ ಮಟ್ಟಿಗೆ ಇಡೀ ಒಪ್ಪಂದದ ಜೀವ ಇರುವುದು ಇಲ್ಲಿ.

ಇದಕ್ಕೂ ಮೊದಲು ನಡುಗಡಲಿನಲ್ಲಿ ಸಂರಕ್ಷಿತ ಜಾಗ ಇರಲಿಲ್ಲ ಎಂದೇನಿಲ್ಲ. ಅಂಟಾರ್ಕ್ಟಿಕಾದ ರಾಸ್ ಸಮುದ್ರ ಇದೆ. 15.5 ಲಕ್ಷ ಚದರ ಕಿಲೋಮೀಟರ್, ಅಂದರೆ ಎಂಟು ಕರ್ನಾಟಕದಷ್ಟು. ಅಲ್ಲಿಯ ಕಡಲ ಜೀವಿಗಳಿಗೆ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಒಂದು ಆಯೋಗ ಇದೆ. ಭಾರತವೂ ಅದರ ಸದಸ್ಯ. ಆ ಆಯೋಗದಲ್ಲಿ ಎಲ್ಲರೂ ಒಪ್ಪಬೇಕು. ಒಬ್ಬರು ಬೇಡ ಎಂದರೆ ಮುಗಿಯಿತು. ಅಮೆರಿಕ, ನ್ಯೂಜಿಲೆಂಡ್ ತಂದ ಪ್ರಸ್ತಾಪ ವರ್ಷ ವರ್ಷವೂ ಬಿದ್ದುಹೋಯಿತು. 2013ರಲ್ಲಿ ಜರ್ಮನಿಯ ಬ್ರೆಮರ್‌ಹಾಫೆನ್‌ನಲ್ಲಿ ಇದಕ್ಕೆಂದೇ ವಿಶೇಷ ಸಭೆ ಕರೆದರು. ಈ ಆಯೋಗಕ್ಕೆ ಅಂಥ ಅಧಿಕಾರವೇ ಇದೆಯಾ ಎಂದು ರಷ್ಯಾ ಕೇಳಿತು. ಅಲ್ಲೂ ಮುರಿಯಿತು. 2016ರ ಅಕ್ಟೋಬರಿನಲ್ಲಿ ರಷ್ಯಾ ಒಪ್ಪಿದ ಮೇಲೆಯೇ ಅದು ಆದದ್ದು. ಅದೂ 35 ವರ್ಷಕ್ಕೆ ಮಾತ್ರ. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರದ ಪ್ರಸ್ತಾಪಗಳು ಆ ಆಯೋಗದ ಮೇಜಿನ ಮೇಲೆ ವರ್ಷಗಟ್ಟಲೆ ಕೊಳೆತವು. ಅವಕ್ಕೆ 2021ರಲ್ಲಿ ಭಾರತ ಬೆಂಬಲ ಕೊಟ್ಟಿತು. ರಷ್ಯಾ, ಚೀನಾ ಒಪ್ಪಲಿಲ್ಲ. ಉಳಿದವರೆಲ್ಲ ಒಂದಾದರೂ ಏನೂ ಮಾಡಲಾಗಲಿಲ್ಲ.

ಹೊಸ ಒಪ್ಪಂದದಲ್ಲಿ ಹಾಗಿಲ್ಲ. ಯಾವುದೇ ಸದಸ್ಯ ದೇಶ ಪ್ರಸ್ತಾಪ ತರಬಹುದು. ಅದನ್ನು ವಿಜ್ಞಾನಿಗಳ ಒಂದು ಸಮಿತಿ ನೋಡುತ್ತದೆ. ಒಮ್ಮತಕ್ಕೆ ಪೂರ್ತಿ ಪ್ರಯತ್ನ ಮಾಡಬೇಕು. ಆಗಲೇ ಇಲ್ಲ ಎಂದರೆ ಓಟು. ಹಾಜರಿದ್ದು ಓಟು ಹಾಕಿದವರಲ್ಲಿ ನಾಲ್ಕರಲ್ಲಿ ಮೂರು ಭಾಗ ಸೈ ಎಂದರೆ ಆಯಿತು. ಒಪ್ಪದ ದೇಶ 120 ದಿನದೊಳಗೆ ಆಕ್ಷೇಪ ಬರೆದು ಹೊರಗೆ ಉಳಿಯಬಹುದು. ಆದರೆ ಸುಮ್ನೆ ಮನಸ್ಸಿಲ್ಲ ಎಂದರೆ ಸಾಲದು. ಒಪ್ಪಂದದಲ್ಲಿ ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದನ್ನು ಕೊಡಬೇಕು. ಮೂರು ವರ್ಷಕ್ಕೊಮ್ಮೆ ಆ ಆಕ್ಷೇಪವನ್ನು ಮತ್ತೆ ಹಾಕಬೇಕು. ಒಂದು ದೇಶದ ಬೇಡ ಎನ್ನುವ ಮಾತಿಗೆ ಉಳಿದವರೆಲ್ಲ ಕೈಕಟ್ಟಿ ಕೂರುವುದು ಈ ಒಪ್ಪಂದದ ಮಟ್ಟಿಗೆ ನಿಂತಿತು. ಇಷ್ಟಕ್ಕಾಗಿ ಇಪ್ಪತ್ತು ವರ್ಷ ಹೋದರೂ ನನಗೆ ಅದು ದಂಡ ಎನಿಸುವುದಿಲ್ಲ.

2025ರ ಸೆಪ್ಟೆಂಬರ್ 19ರಂದು ಮೊರಾಕ್ಕೊ ಸೇರಿದಾಗ ಅನುಮೋದಿಸಿದ ದೇಶಗಳ ಸಂಖ್ಯೆ 60 ಮುಟ್ಟಿತು. ಅದಾಗಿ 120 ದಿನಕ್ಕೆ ಜಾರಿ. 2026ರ ಜನವರಿ 17 ಬಂದದ್ದು ಹೀಗೆ. ಅವತ್ತು ಯಾವ ಜಾಗವೂ ಬಂದ್ ಆಗಿಲ್ಲ. ಜಾಗ ಗುರುತಿಸುವ ಕೆಲಸ ಇನ್ನು ಶುರುವಾಗಬೇಕು.

ಉತ್ತರ: ಚಿತ್ರದುರ್ಗ ಬಯಲು

ಮೇಡಂ, ತುಂಬಾ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ನಮ್ಮ ಕಡೆ ಗಣಿ ಬಂದು ಊರುಗಳ ಬಾವಿ, ಹೊಲ ಏನಾಯಿತು ಎಂದು ಕಣ್ಣಾರೆ ಕಂಡವನು ನಾನು. ಹಾಗಾಗಿ ಇದನ್ನು ಕೇಳಲೇಬೇಕು. ಹಿಂದೂ ಮಹಾಸಾಗರದ ಮಧ್ಯದಲ್ಲಿ ಭಾರತಕ್ಕೆ ಖನಿಜದ ಗಡ್ಡೆ ಹುಡುಕಲು 75,000 ಚದರ ಕಿಲೋಮೀಟರ್ ಜಾಗ ಸಿಕ್ಕಿದೆ. ಆಳಸಾಗರ ಮಿಷನ್‌ಗೆ 2021ರಲ್ಲಿ 4,077 ಕೋಟಿ ರೂಪಾಯಿ ಎಂದು ಸಂಪುಟ ಒಪ್ಪಿತು. ಮೂರು ಜನರನ್ನು 6,000 ಮೀಟರ್ ಆಳಕ್ಕೆ ಇಳಿಸುವ ಮತ್ಸ್ಯ 6000 ತಯಾರಾಗುತ್ತಿದೆ. ಒಂದು ಕಡೆ ಉಳಿಸುವ ಒಪ್ಪಂದಕ್ಕೆ ಸಹಿ, ಇನ್ನೊಂದು ಕಡೆ ಅಗೆಯುವ ತಯಾರಿ. ಈ ಒಪ್ಪಂದ ಅದನ್ನು ತಡೆಯುತ್ತದಾ?

ಉತ್ತರ: ಶರಾವತಿ ಅಳಿವೆ

ತಡೆಯುವುದಿಲ್ಲ ಸರ್. ಕಡಲತಳದ ಗಣಿ ಕಿಂಗ್‌ಸ್ಟನ್‌ನ ಪ್ರಾಧಿಕಾರದ ಕೈಯಲ್ಲೇ ಉಳಿದಿದೆ. ಈಗಾಗಲೇ ಇರುವ ಸಂಸ್ಥೆಗಳ ಕೆಲಸಕ್ಕೆ ಧಕ್ಕೆ ತರಬಾರದು ಎಂದು ಒಪ್ಪಂದದಲ್ಲೇ ಬರೆದಿದ್ದಾರೆ. ಆ ಸಾಲು ಇಲ್ಲದಿದ್ದರೆ ಎಷ್ಟೋ ದೇಶಗಳು ಮೇಜಿಗೇ ಬರುತ್ತಿರಲಿಲ್ಲ. ಭಾರತ ಈಗ ಮಾಡುತ್ತಿರುವುದು ಹುಡುಕಾಟ, ಅಗೆತ ಅಲ್ಲ. ಆದರೂ ನಿಮ್ಮ ಆತಂಕ ಸರಿಯಾದದ್ದೇ. 5,000 ಮೀಟರ್ ಆಳದಲ್ಲಿ ಆ ಗಡ್ಡೆಗಳು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಅದರ ಮೇಲೆ ಅಂಟಿಕೊಂಡು ಬದುಕುವ ಜೀವಿಗಳಿವೆ. ಒಮ್ಮೆ ಕೆರೆದು ತೆಗೆದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಮತ್ತೆ ಬರುವುದಿಲ್ಲ.

ಪರಿಸರ ಪರಿಣಾಮದ ಅಧ್ಯಯನದ ಭಾಗ ನನಗೆ ಅಷ್ಟು ಸಮಾಧಾನ ತಂದಿಲ್ಲ. ನಡುಗಡಲಿನಲ್ಲಿ ಏನಾದರೂ ಹೊಸ ಕೆಲಸ ಮಾಡುವ ದೇಶ ಮೊದಲು ಅಧ್ಯಯನ ಮಾಡಬೇಕು, ವರದಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಇದು ಒಳ್ಳೆಯದು. ಆದರೆ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅದೇ ದೇಶ. ಪುಟ್ಟ ದ್ವೀಪಗಳು ಆ ತೀರ್ಮಾನ ಎಲ್ಲರ ಸಭೆಗೆ ಬರಲಿ ಎಂದು ಕೊನೆಯವರೆಗೂ ಕೇಳಿದವು. ಸಿಗಲಿಲ್ಲ. ಯುದ್ಧನೌಕೆಗಳಿಗೂ ಹೆಚ್ಚುಕಡಿಮೆ ಪೂರ್ತಿ ವಿನಾಯಿತಿ ಇದೆ.

ಭಾರತದ ಬಗ್ಗೆ ಒಂದು ಮಾತು. ಸಂಪುಟ 2024ರ ಜುಲೈನಲ್ಲಿ ಒಪ್ಪಿತು. ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಸಹಿ ಹಾಕಿದರು. ಸಹಿ ಬೇರೆ, ಅನುಮೋದನೆ ಬೇರೆ. ಓಟು ಇರುವುದು ಅನುಮೋದಿಸಿದವರಿಗೆ ಮಾತ್ರ. ಸದಸ್ಯರ ಮೊದಲ ಸಮ್ಮೇಳನ ಜಾರಿಯಾದ ಒಂದು ವರ್ಷದೊಳಗೆ ನಡೆಯಬೇಕು. ನಿಯಮಗಳು, ಸಮಿತಿಗಳು, ಬಜೆಟ್ ಎಲ್ಲ ಅಲ್ಲಿ ತೀರ್ಮಾನ ಆಗುತ್ತವೆ. ಆ ಸಭೆಯಲ್ಲಿ ನಮ್ಮ ದೇಶ ಓಟು ಇರುವ ಸದಸ್ಯನಾಗಿ ಕೂರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಲ್ಪೆ ದಕ್ಕೆ

ಅಕ್ಕ, ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಗ್ರೂಪಿನಲ್ಲೂ ಹಾಕಿದೆ. ಸುಮಾರು ಜನಕ್ಕೆ ಸಮಾಧಾನ ಆಯಿತು.

ಆದರೆ ಅಪ್ಪ ಇನ್ನೊಂದು ಕೇಳಿದರು. ಕುಮಟಾದ ಅಣ್ಣ ಬರೆದ ಬೊಂಡಾಸ್ ಹಡಗಿನ ವಿಷಯ ಕೇಳಿದ ಮೇಲೆ ಅವರಿಗೆ ಅದೇ ಯೋಚನೆ. ಕೇದರ, ಅಂದರೆ ಟ್ಯೂನಾ, ಒಂದು ಕಡೆ ನಿಲ್ಲುವ ಮೀನಲ್ಲ. ಇವತ್ತು ಅಲ್ಲಿದ್ದರೆ ನಾಳೆ ಇಲ್ಲಿ. ಗಡಿಯ ಆಚೆ ಅಷ್ಟೊಂದು ಹಡಗು ಹಗಲೂ ರಾತ್ರಿ ಹಿಡಿದರೆ, ಈಚೆ ನಾವು 61 ದಿನ ಬೋಟ್ ನಿಲ್ಲಿಸಿ ಏನು ಪ್ರಯೋಜನ? ಈ ಒಪ್ಪಂದ ಅವರನ್ನು ನಿಲ್ಲಿಸುತ್ತದಾ? ಬರೀ ಅಪ್ಪನ ಪ್ರಶ್ನೆಯಲ್ಲ, ದಕ್ಕೆಯಲ್ಲಿ ಎಲ್ಲರೂ ಇದನ್ನೇ ಕೇಳುತ್ತಿದ್ದಾರೆ.

ಉತ್ತರ: ಶರಾವತಿ ಅಳಿವೆ

ನಿಮ್ಮ ಅಪ್ಪ ಕೇಳಿದ್ದು ನ್ಯೂಯಾರ್ಕಿನಲ್ಲಿ ವಕೀಲರು ತಲೆಕೆಡಿಸಿಕೊಂಡ ಪ್ರಶ್ನೆಯೇ.

ಮೊದಲು 61 ದಿನದ ಮಾತು. ಅದು ನಮ್ಮ ದಂಡೆಯ ಬಂಗುಡೆ, ಬೂತಾಯಿ ಮೊಟ್ಟೆ ಇಡುವ ಕಾಲಕ್ಕೆ ಮಾಡಿದ್ದು. ಆಚೆ ಏನೇ ಆಗಲಿ, ಅದರ ಲಾಭ ನಮಗೇ. ಅದನ್ನು ಬಿಡಬೇಡಿ. ಕೇದರದ ಲೆಕ್ಕ ಬೇರೆ. ಅದು ಗಡಿ ದಾಟುವ ಮೀನು. ಅದಕ್ಕೆ ಸೀಶೆಲ್ಸ್‌ನ ಆಯೋಗ ಇದೆ. ಭಾರತ ಅಲ್ಲಿ ಸದಸ್ಯ.

ಬೊಂಡಾಸ್‌ಗೆ ಆ ಗತಿಯೂ ಇಲ್ಲ. ಟ್ಯೂನಾ ಆಯೋಗ ಟ್ಯೂನಾ ಜಾತಿಯ ಮೀನು ನೋಡುತ್ತದೆ, ಬೊಂಡಾಸ್ ನೋಡುವುದಿಲ್ಲ. ದಕ್ಷಿಣ ಹಿಂದೂ ಮಹಾಸಾಗರಕ್ಕೆ ಇನ್ನೊಂದು ಮೀನುಗಾರಿಕೆ ಒಪ್ಪಂದ ಇದೆ. ಅದರ ಗಡಿ ಅರಬ್ಬೀ ಸಮುದ್ರದ ಉತ್ತರಕ್ಕೆ ಬರುವುದಿಲ್ಲ. ಹಾಗಾಗಿ ಕುಮಟಾದ ಅಣ್ಣ ಕಂಡ ಆ ಹಡಗುಗಳಿಗೆ ಎಷ್ಟು ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎನ್ನುವ ಅಂತಾರಾಷ್ಟ್ರೀಯ ನಿಯಮವೇ ಇಲ್ಲ. ತಮ್ಮ ದೇಶ ಹಾಕಿದ ನಿಯಮ ಅಷ್ಟೇ.

ಹೊಸ ಒಪ್ಪಂದ ನೇರವಾಗಿ ಮೀನುಗಾರಿಕೆ ನಿಲ್ಲಿಸುವುದಿಲ್ಲ. ಸಂಸ್ಥೆ ಇರುವ ಕಡೆ ಆ ಸಂಸ್ಥೆಗೆ ಶಿಫಾರಸು ಮಾಡುತ್ತದೆ, ಸದಸ್ಯ ದೇಶಗಳು ಅಲ್ಲಿ ಹೋಗಿ ಅದನ್ನು ಎತ್ತಿ ಹಿಡಿಯಬೇಕು. ಸಂಸ್ಥೆಯೇ ಇಲ್ಲದ ಕಡೆ ಸಮ್ಮೇಳನ ತಾನೇ ಕ್ರಮ ಕೈಗೊಳ್ಳಲು ದಾರಿ ಇದೆ. ಅರಬ್ಬೀ ಸಮುದ್ರದ ಬೊಂಡಾಸ್ ಜಾಗಕ್ಕೆ ಈ ದಾರಿ ಹಿಡಿಯಬಹುದು ಎಂದು ನನಗೆ ಅನಿಸುತ್ತದೆ. ಆದರೆ ಯಾವುದಾದರೂ ದೇಶ ಮುಂದೆ ಬಂದು ಪ್ರಸ್ತಾಪ ಬರೆಯಬೇಕು. ದಂಡೆಯಲ್ಲಿರುವ ಭಾರತ, ಒಮಾನ್, ಮಾಲ್ಡೀವ್ಸ್ ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?

ನಮ್ಮ ಸಾಗರದಲ್ಲೇ ಇನ್ನೊಂದು ಜಾಗ ಇದೆ, ಸಾಯಾ ಡಿ ಮಾಲ್ಯಾ. ಸೀಶೆಲ್ಸ್ ಮತ್ತು ಮಾರಿಷಸ್ ನಡುವೆ ಮುಳುಗಿರುವ ದಿಬ್ಬ. ಸುಮಾರು 40,000 ಚದರ ಕಿಲೋಮೀಟರ್, ಕರ್ನಾಟಕದ ಐದನೇ ಒಂದು ಭಾಗದಷ್ಟು. ಸುತ್ತಲೂ ಸಾವಿರಾರು ಮೀಟರ್ ಆಳ, ಆದರೆ ದಿಬ್ಬದ ಮೇಲೆ ಕೆಲವು ಕಡೆ ಹತ್ತು ಮಾರು ನೀರೂ ಇಲ್ಲ. ಬಿಸಿಲು ತಳಕ್ಕೆ ಬೀಳುತ್ತದೆ. ನಡುಗಡಲಿನಲ್ಲಿ ಹುಲ್ಲುಗಾವಲು ಬೆಳೆದಿದೆ. ತಳ ಆ ಎರಡು ದೇಶಗಳದ್ದು, ಮೇಲಿನ ನೀರು ಯಾರದ್ದೂ ಅಲ್ಲ. ಮೀನು ಮರಿ ಮಾಡುವ ಅಂಥ ಜಾಗದಲ್ಲಿ ಬೇರೆ ದೇಶದ ಟ್ರಾಲ್ ಬೋಟುಗಳು ಬಲೆ ಎಳೆದಿವೆ. ಅಂಥ ತಳದ ಮೇಲೆ ಬಲೆ ಎಳೆದರೆ ಏನಾಗುತ್ತದೆ ಎಂದು ನಿಮ್ಮ ಅಪ್ಪನಿಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ನಿಮ್ಮ ದಕ್ಕೆಯವರಿಗೆ ಒಂದು ಕೆಲಸ. ಯಾವ ಜಾಗ ಉಳಿಸಬೇಕು ಎಂದು ತೀರ್ಮಾನಿಸುವಾಗ ವಿಜ್ಞಾನದ ಜೊತೆಗೆ ಸ್ಥಳೀಯ ಸಮುದಾಯಗಳ ತಲೆಮಾರಿನ ತಿಳಿವಳಿಕೆಯನ್ನೂ ತೆಗೆದುಕೊಳ್ಳಬೇಕು ಎಂದು ಒಪ್ಪಂದ ಹೇಳುತ್ತದೆ. ಕೇದರ ಯಾವ ತಿಂಗಳು ಯಾವ ದಿಕ್ಕಿನಿಂದ ಬರುತ್ತಿತ್ತು, ಈಗ ಎಷ್ಟು ತಡವಾಗಿದೆ, ಬೊಂಡಾಸ್ ಎಷ್ಟು ಮಾರಿನಲ್ಲಿ ಸಿಗುತ್ತಿತ್ತು, ಈಗ ಎಷ್ಟರಲ್ಲಿ ಎನ್ನುವುದು ಹಳೆಯ ತಂಡೇಲರಿಗೆ ಬಾಯಿಪಾಠ. ಅದು ಎಲ್ಲೂ ಬರಹದಲ್ಲಿಲ್ಲ. ನಿಮ್ಮ ಹತ್ತಿರ ಬೋಟಿನ ಲೆಕ್ಕದ ಪುಸ್ತಕಗಳೂ ಇರುತ್ತವೆ. ಯಾವ ಟ್ರಿಪ್ಪಿನಲ್ಲಿ ಯಾವ ಮೀನು ಎಷ್ಟು ಬುಟ್ಟಿ ಎಂದು ಅದರಲ್ಲಿ ಇದ್ದೇ ಇರುತ್ತದೆ. ಹಳೆಯ ಪುಸ್ತಕ ರದ್ದಿಗೆ ಹಾಕಬೇಡಿ.

ಎಂಜಿನ್ ರೂಮ್

ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ಮುಂದಿನ ಸಲ ಆ ಕಡೆ ಹೋದಾಗ ಹಡಗುಗಳು ಕಂಡ ತಾರೀಕು, ನಮ್ಮ ಹಡಗಿದ್ದ ಅಕ್ಷಾಂಶ ರೇಖಾಂಶ ಬ್ರಿಜ್ಜಿನವರನ್ನು ಕೇಳಿ ಬರೆದಿಡುತ್ತೇನೆ. ಯಾರಿಗೆ ಕೊಡಬೇಕು ಹೇಳಿ.

ಮಲ್ಪೆ ದಕ್ಕೆ

ಅಕ್ಕ, ಅಪ್ಪನ ಹತ್ತಿರ 1998ರಿಂದ ಎಲ್ಲ ಪುಸ್ತಕ ಇದೆ. ಒಂದೆರಡಕ್ಕೆ ಗೆದ್ದಲು ಹಿಡಿದಿದೆ, ಉಳಿದದ್ದು ಓದಬಹುದು. ಭಾನುವಾರ ನಮ್ಮ ಸಂಘದ ಮೀಟಿಂಗ್ ಇದೆ, ಈ ವಿಷಯ ಇಡುತ್ತೇನೆ. ಬೊಂಡಾಸ್‌ಗೆ ನಿಯಮ ಇಲ್ಲದ್ದು ಮತ್ತು ಭಾರತ ಬೇಗ ಅನುಮೋದಿಸಬೇಕು ಎನ್ನುವುದು, ಇವೆರಡರ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದು ಕೊಡುತ್ತೀರಾ? ನಮ್ಮ ಅಧ್ಯಕ್ಷರು ಸಂಸದರಿಗೆ ಕೊಡುತ್ತೇನೆ ಎಂದಿದ್ದಾರೆ.

ಶರಾವತಿ ಅಳಿವೆ

ಶುಕ್ರವಾರ ಸಂಜೆಯೊಳಗೆ ಕಳಿಸುತ್ತೇನೆ. ಪುಸ್ತಕದ ಪುಟಗಳನ್ನು ಬೆಳಕಿನಲ್ಲಿ ಫೋಟೊ ತೆಗೆದಿಡಿ, ಗೆದ್ದಲು ಹಿಡಿದದ್ದನ್ನು ಮೊದಲು. ಕುಮಟಾದ ಅಣ್ಣ, ನಿಮ್ಮ ಪಟ್ಟಿ ನನಗೇ ಕಳಿಸಿ. ಸಂಘದ ಪತ್ರದ ಜೊತೆಗೆ ಲಗತ್ತಿಸೋಣ.